ಪೆನ್ನು ಮಲಗಿದರೆ ಗಂಟೆ

ಅವಳಿಗೆ ಗಂಟಕ್ಕ ಎಂದು ಹೆಸರಿಟ್ಟವರು ಯಾರೋ, ಯಾರಿಗೂ ನೆನಪಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು; ಅದು ಸಹಿ ಹಾಕುವಾಗ ಮಾತ್ರ ಹೊರಗೆ ಬರುತ್ತಿತ್ತು. ಉಳಿದಂತೆ ಆ ಸಂಗೀತದ ಹಾಲ್‌ನಲ್ಲಿ ಮ್ಯಾನೇಜರ್‌ನಿಂದ ಹಿಡಿದು ಮೆಟ್ಟಿಲು ಒರೆಸುವವಳ ತನಕ ಎಲ್ಲರ ಬಾಯಲ್ಲೂ ಗಂಟಕ್ಕ. ವರ್ಷವೆಲ್ಲ ಅವಳು ಬಂದವರ ಕೊಡೆ, ಕೋಟು ಇಸಿದುಕೊಂಡು ಗೂಟಕ್ಕೆ ಹಾಕುವುದು, ಕುರ್ಚಿ ಸಾಲು ನೇರ ಮಾಡುವುದು, ಟೀ ಕಾಯಿಸುವುದು ಇಂಥವೇ ಮಾಡಿಕೊಂಡಿದ್ದಳು. ಪಿಯಾನೊ ಸ್ಪರ್ಧೆ ಬಂತೆಂದರೆ ಮಾತ್ರ ಬೇರೆ ಕೆಲಸ. ಗಂಟೆ ಹೊಡೆಯುವುದು.

ಸ್ಪರ್ಧೆ ಪ್ರತಿ ವರ್ಷ ಅದೇ ಹಾಲ್‌ನಲ್ಲಿ. ಎಲ್ಲೆಲ್ಲಿಂದಲೋ ಮಕ್ಕಳು ಬರುತ್ತಾರೆ. ಒಬ್ಬೊಬ್ಬರ ಹಿಂದೆ ಒಬ್ಬ ತಾಯಿಯೋ ತಂದೆಯೋ, ಪಕ್ಕದಲ್ಲಿ ಒಬ್ಬ ಗುರು, ಅಂಗೈಯಲ್ಲಿ ಒರೆಸಿದಷ್ಟೂ ಬರುವ ಬೆವರು. ಮೊದಲ ಸುತ್ತಿನಲ್ಲಿ ವೇದಿಕೆಯ ಮೇಲೆ ಆ ದೊಡ್ಡ ಕಪ್ಪು ಪಿಯಾನೊ, ಅದರ ಮುಂದೆ ಒಂಟಿಯಾಗಿ ಒಂದು ಮಗು. ಕೆಳಗೆ ಹಾಲ್‌ನ ಮಧ್ಯದಲ್ಲಿ ಉದ್ದನೆಯ ಮೇಜು ಹಾಕಿ ತೀರ್ಪುಗಾರರು ಕೂರುತ್ತಿದ್ದರು. ಅವರ ನಡುವಿನ ಕುರ್ಚಿ ದೊಡ್ಡ ಮೇಷ್ಟ್ರದು. ಪಕ್ಕದ ಗೋಡೆಯ ಹತ್ತಿರ ಚಿಕ್ಕ ಮೇಜು, ಅದರ ಮೇಲೆ ತಲೆ ಬಗ್ಗಿಸಿದ ದೀಪ, ಮರದ ಹಿಡಿಯ ಹಿತ್ತಾಳೆ ಗಂಟೆ. ಅಲ್ಲಿ ಗಂಟಕ್ಕ. ಗಂಟೆ ಬಡಿಯಿತೋ, ನುಡಿಸುವವರು ಎಲ್ಲಿದ್ದರೆ ಅಲ್ಲೇ ಕೈ ಎತ್ತಬೇಕು. ರಾಗ ಅರ್ಧಕ್ಕೆ ನೇತಾಡುತ್ತಿದ್ದರೂ ಸರಿ. ಎದ್ದು, ಬಗ್ಗಿ, ಹೊರಗೆ ನಡೆಯಬೇಕು.

ಮೊದಲು ಆ ಕೆಲಸ ಒಬ್ಬ ಮುದುಕ ಜವಾನನದಾಗಿತ್ತು. ಒಳ್ಳೆಯ ಮನುಷ್ಯ. ಆದರೆ ವಯಸ್ಸಾಗುತ್ತಾ ಕೈ ನಡುಗಲು ಹತ್ತಿತು. ಯಾರಾದರೂ ಮೆತ್ತಗೆ, ನಿಧಾನಕ್ಕೆ ನುಡಿಸುತ್ತಿರುವಾಗ ಗಂಟೆ ತನ್ನಷ್ಟಕ್ಕೆ ತಾನೇ ಟಿಣ್ ಎನ್ನುವುದು. ಒಮ್ಮೆ ಒಬ್ಬ ಹುಡುಗ ಆ ಟಿಣ್ ಕೇಳಿ, ತನ್ನ ಕಥೆ ಮುಗಿಯಿತೆಂದು ಎದ್ದು ಬಗ್ಗಿ ಹೊರಟೇ ಹೋದ. ಅವನನ್ನು ಬಸ್ ನಿಲ್ದಾಣದಿಂದ ಎಳೆದು ತರಬೇಕಾಯಿತು. ಅದಾದ ಮೇಲೆ ಗಟ್ಟಿ ಕೈಯವರು ಬೇಕೆಂದು ಹುಡುಕುತ್ತಿದ್ದಾಗ, ತುಂಬಿದ ಟೀ ಕಪ್ಪುಗಳ ತಟ್ಟೆಯನ್ನು ಒಂದು ಹನಿ ಚೆಲ್ಲದೆ ಮಹಡಿಗೆ ಹತ್ತಿಸುತ್ತಿದ್ದ ಇವಳು ಮ್ಯಾನೇಜರ್ ಕಣ್ಣಿಗೆ ಬಿದ್ದಳು.

ಹೊಲಿಗೆ ಮೆಷಿನ್ ರಿಪೇರಿ ಮಾಡುವ ಅವಳ ಗಂಡ ಅಂದು ಬಿದ್ದು ಬಿದ್ದು ನಕ್ಕಿದ್ದ.

"ಮನೇಲಿ ನಾನು ಬಾಯಿ ಬಿಟ್ಟ ತಕ್ಷಣ ನೀನು ಗಂಟೆ ಹೊಡೀತಿದ್ದೆ. ಈಗ ಅದಕ್ಕೆ ಆರ್ಡರ್ ಬೇರೆ ಕೊಟ್ರಾ?"

"ನೀವು ತಾಳ ತಪ್ಪಿ ಮಾತಾಡಿದ್ರೆ ನಾನೇನ್ ಮಾಡ್ಲಿ?" ಎಂದಿದ್ದಳು ಅವಳು. ಒಳಗೊಳಗೇ ಹೆಮ್ಮೆ. ಅಷ್ಟು ದೊಡ್ಡ ಜನರ ಪಕ್ಕದಲ್ಲಿ ತನಗೂ ಒಂದು ಮೇಜು, ತನಗೇ ಅಂತ ಒಂದು ದೀಪ!

ಹೆಮ್ಮೆ ಕರಗಲು ಹೆಚ್ಚು ಕಾಲ ಬೇಕಾಗಲಿಲ್ಲ.

ಗಂಟೆ ಯಾವಾಗ ಹೊಡೆಯಬೇಕು? ಕೊಟ್ಟ ಹೊತ್ತು ಮುಗಿದಾಗ, ಇಲ್ಲವೇ ತೀರ್ಪುಗಾರರಿಗೆ ಕೇಳಿದ್ದು ಸಾಕು ಅನ್ನಿಸಿದಾಗ. ನಿಯಮ ಇಷ್ಟೇ. ಸಾಕು ಅನ್ನಿಸಬೇಕಾದ್ದು ಯಾರಿಗೆ? ದೊಡ್ಡ ಮೇಷ್ಟ್ರಿಗೆ. ಅವರು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಕೈಯಲ್ಲೊಂದು ದಪ್ಪನೆಯ ಕಪ್ಪು ಪೆನ್ನು. ಅದನ್ನು ಮೇಜಿನ ಮೇಲೆ ಕಂಬದ ಹಾಗೆ ನೆಟ್ಟಗೆ ಹಿಡಿದು ಕೂತಿರುತ್ತಿದ್ದರು. ಸಾಕಾಯಿತೋ, ಪೆನ್ನನ್ನು ಮಲಗಿಸುತ್ತಿದ್ದರು. ಪೆನ್ನು ಮಲಗಿದರೆ ಗಂಟೆ. ಗಂಟಕ್ಕ ಮೈಯೆಲ್ಲ ಕಣ್ಣಾಗಿ ಆ ಪೆನ್ನನ್ನೇ ನೋಡುತ್ತ ಕೂರಬೇಕು.

ನೋಡುತ್ತಾ ನೋಡುತ್ತಾ ಅವಳಿಗೆ ಒಂದು ಗೊತ್ತಾಯಿತು. ಮೇಷ್ಟ್ರ ಸ್ವಂತ ಶಿಷ್ಯರು ನುಡಿಸಲು ಕೂತರೆ ಪೆನ್ನು ಜೇಬಿನಿಂದ ಹೊರಗೇ ಬರುವುದಿಲ್ಲ. ತಪ್ಪಿದರೂ ಇಲ್ಲ, ಎಡವಿದರೂ ಇಲ್ಲ. ಮೇಷ್ಟ್ರಿಗೆ ಆಗಿಬಾರದ ಗುರುವಿನ ಶಿಷ್ಯರು ಕೂತರೆ ಪೆನ್ನಿಗೆ ಭಾರಿ ನಿದ್ದೆ. ಪಕ್ಕದಲ್ಲಿ ಕೂತ ಉಳಿದವರಿಗೆ ಇದು ಕಾಣುತ್ತಿರಲಿಲ್ಲವೇ? ಕಣ್ಣು ಎಲ್ಲರಿಗೂ ಇತ್ತು ಸ್ವಾಮಿ, ಬಾಯಿ ಯಾರಿಗೂ ಇರಲಿಲ್ಲ. ಮುಂದಿನ ವರ್ಷ ಯಾರನ್ನು ಕರೆಯಬೇಕು, ಯಾರ ಶಿಷ್ಯನಿಗೆ ಎಲ್ಲಿ ಅವಕಾಶ ಕೊಡಿಸಬೇಕು, ಎಲ್ಲ ಮೇಷ್ಟ್ರ ಕೈಯಲ್ಲಿ. ಮೇಷ್ಟ್ರು ಮೊದಲು ತಮ್ಮ ಅಭಿಪ್ರಾಯ ಹೇಳಿ, ಆಮೇಲೆ "ನೀವೇನಂತೀರಿ?" ಎಂದು ಕೇಳುವರು. ಏನಂತಾರೆ ಪಾಪ, ತಲೆ ಆಡಿಸುವರು. ಓದಿದವರು, ಬಿರುದು ಪಡೆದವರು, ಬೆರಳಲ್ಲಿ ಬಂಗಾರದಂಥ ವಿದ್ಯೆ ಇಟ್ಟುಕೊಂಡವರು ಸಾಲಾಗಿ ಕೂತು ಒಂದು ಪೆನ್ನಿಗೆ ಹೆದರುತ್ತಿದ್ದರು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ!

ಹಾಗೆಂದು ಮೇಷ್ಟ್ರು ಬರೀ ಠೇಂಕಾರದ ಮನುಷ್ಯ ಎಂದರೂ ಸುಳ್ಳಾಗುತ್ತದೆ. ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವರೊಬ್ಬರೇ ವೇದಿಕೆ ಹತ್ತಿ ಏನೋ ನುಡಿಸಿದ್ದರು. ಗಂಟಕ್ಕ ಬಟ್ಟೆ ಹಿಡಿದು ಕುರ್ಚಿ ಒರೆಸುತ್ತಿದ್ದವಳು ಒರೆಸಿದ ಕುರ್ಚಿಯನ್ನೇ ಮತ್ತೆ ಮತ್ತೆ ಒರೆಸುತ್ತಾ ನಿಂತುಬಿಟ್ಟಿದ್ದಳು. ಅದಕ್ಕೇ ಅವಳಿಗೆ ಸಂಕಟ. ಇಷ್ಟು ಚೆನ್ನಾಗಿ ಬರುವ ಮನುಷ್ಯನಿಗೆ ಬೇರೆಯವರ ಮಕ್ಕಳ ಕೈ ಹಿಡಿದೆಳೆಯುವ ಚಾಳಿ ಯಾಕೆ?

ಮೇಷ್ಟ್ರದು ಇನ್ನೊಂದು ಕಟ್ಟಳೆ. ನುಡಿಸುತ್ತಿರುವಾಗ ಹಾಲ್‌ನಲ್ಲಿ ಗಂಟೆ ಬಿಟ್ಟು ಇನ್ಯಾವ ಸದ್ದೂ ಆಗಕೂಡದು. ಮಿಠಾಯಿ ಕಾಗದ ಬಿಚ್ಚಿದ ಒಬ್ಬ ತಾಯಿಯನ್ನು ಎಬ್ಬಿಸಿ ಹೊರಗೆ ಕಳಿಸಿದ್ದರು. ಕೆಮ್ಮು ಬಂದ ಒಬ್ಬ ತೀರ್ಪುಗಾರನಿಗೇ ಬಾಗಿಲು ತೋರಿಸಿದ್ದರು. "ಕೆಮ್ಮೋದಿದ್ರೆ ಬೀದೀಲಿ ಕೆಮ್ಮಿ" ಎಂದು ಎಲ್ಲರ ಮುಂದೆ. ಅಂದಿನಿಂದ ಜನ ಉಗುಳು ನುಂಗಲೂ ಯೋಚಿಸುತ್ತಿದ್ದರು.

ಮೇಷ್ಟ್ರಿಗೆ ಆಗಿಬಾರದವರಲ್ಲಿ ಮೊದಲನೆಯವಳು ಲಾಂಡ್ರಿ ಮೇಲಿನ ಕೋಣೆಯಲ್ಲಿ ಪಿಯಾನೊ ಹೇಳಿಕೊಡುವ ಟೀಚರಮ್ಮ. ದಪ್ಪ ದೇಹ, ದೊಡ್ಡ ನಗು. ಒಂದು ಕಾಲಕ್ಕೆ ಅವಳೇ ಮೇಷ್ಟ್ರ ಮುದ್ದಿನ ಶಿಷ್ಯೆ. ಎಲ್ಲಿ ನುಡಿಸಬೇಕು, ಯಾರ ಮುಂದೆ ನುಡಿಸಬಾರದು, ಯಾರ ಜೊತೆ ಮಾತಾಡಬೇಕು ಎಂದು ಮೇಷ್ಟ್ರು ಲಗಾಮು ಬಿಗಿಯುತ್ತಾ ಹೋದಾಗ ಒಂದು ದಿನ ಅವಳು ಸಿಡಿದಳು. "ನಿಮ್ಮ ಹತ್ರ ಕಲ್ತಿದೀನಿ ಸಾರ್, ನಿಮಗೆ ಮಾರ್ಕೊಂಡಿಲ್ಲ" ಎಂದು ತುಂಬಿದ ಸಭೆಯಲ್ಲಿ ಹೇಳಿ ಹೊರಟುಹೋದಳು. ಆ ಮಾತು ಮೇಷ್ಟ್ರಿಗೆ ಇನ್ನೂ ಜೀರ್ಣವಾಗಿರಲಿಲ್ಲ. ಅವಳ ಶಿಷ್ಯರು ಯಾರೂ ಮೊದಲ ಪುಟ ದಾಟಿದ್ದಿಲ್ಲ.

ಹೋದ ವರ್ಷ ಅವಳ ಕಡೆಯಿಂದ ಒಂದು ಹುಡುಗಿ ಬಂದಿತ್ತು. ತೆಳ್ಳಗೆ, ಜಡೆ ಬಿಗಿಯಾಗಿ ಹೆಣೆದುಕೊಂಡು. ಕೂತಳು, ಶುರು ಮಾಡಿದಳು, ಪೆನ್ನು ಮಲಗಿತು, ಗಂಟಕ್ಕನ ಕೈ ಎದ್ದಿತು. ಮುಗಿಯಿತು.

ಬಿಡುವಿನಲ್ಲಿ ಗಂಟಕ್ಕ ಹೆಂಗಸರ ಕೈತೊಳೆಯುವ ಕೋಣೆಗೆ ಹೋದರೆ, ಹುಡುಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು. ಅಳು ಕೇಳಿಸಬಾರದೆಂದು ನೀರು. ಕನ್ನಡಿಯಲ್ಲಿ ಇವಳನ್ನು ನೋಡಿದವಳೇ ತಿರುಗಿದಳು.

"ಆಂಟಿ, ಗಂಟೆ ಹೊಡೆದಿದ್ದು ನೀವೇ ತಾನೆ?"

"ಹೂಂ, ಕಣಮ್ಮ."

"ನಾನು ಎಲ್ಲಿ ತಪ್ಪು ಮಾಡ್ದೆ?"

ಗಂಟಕ್ಕ ನಲ್ಲಿ ತಿರುಗಿಸಿ ನಿಲ್ಲಿಸಿದಳು. "ನಂಗೇನ್ ಗೊತ್ತಾಗುತ್ತಮ್ಮಾ ಸಂಗೀತ" ಎಂದಳು.

"ಚೆನ್ನಾಗಿರೋ ಭಾಗ ಇನ್ನೂ ಬಂದೇ ಇರ್ಲಿಲ್ಲ ಆಂಟಿ" ಎಂದಳು ಹುಡುಗಿ. ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಮೂಗೊರೆಸಿಕೊಂಡು ಇಷ್ಟೇ ಹೇಳಿ ಹೋದಳು.

ಆ ಮಾತು ಗಂಟಕ್ಕನ ಎದೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಪಾತ್ರೆ ತೊಳೆಯುವಾಗ ಅದೇ, ಬಸ್ಸಲ್ಲಿ ಕೂತಾಗ ಅದೇ. ಅದೆಂಥ ಭಾಗವಿರಬಹುದು? ಗಂಡನ ಮುಂದೆ ಹೇಳಿಕೊಂಡರೆ ಅವನು, "ಕೈ ನಿಂದು, ತಲೆ ಅವರದು. ಪಾಪ ಅವರಿಗೇ ಸುತ್ತಿಕೊಳ್ಳುತ್ತೆ ಬಿಡೇ" ಎಂದ. ಸಮಾಧಾನವಾಗಲಿಲ್ಲ. ಕೈ ತನ್ನದು ಎನ್ನುವುದೇ ಅವಳ ಸಂಕಟವಾಗಿತ್ತು.

ಈ ವರ್ಷ ಅದೇ ಹುಡುಗಿ ಮತ್ತೆ ಬಂದಳು.

ಕೋಟು ಇಸಿದುಕೊಳ್ಳುವ ಕೌಂಟರಿನಲ್ಲೇ ಗಂಟಕ್ಕ ಅವಳನ್ನು ಗುರುತಿಸಿದಳು. ಟೀಚರಮ್ಮ ತನ್ನ ಕೋಟನ್ನೂ ಹುಡುಗಿಯದನ್ನೂ ಒಟ್ಟಿಗೆ ಕೌಂಟರಿನ ಮೇಲೆ ಹಾಕಿ, "ಇಲ್ಲೇ ಹತ್ರದಲ್ಲೇ ಇಟ್ಟಿರಿ ಅಕ್ಕ, ಬೇಗ ವಾಪಸ್ ಬರ್ತೀವಲ್ಲ, ನಿಮಗ್ಯಾಕೆ ತೊಂದ್ರೆ" ಎಂದಳು. ನಗುತ್ತಲೇ ಹೇಳಿದಳು. ಚುಚ್ಚಬೇಕಾದ ಕಡೆ ಚುಚ್ಚಿತು. ಹುಡುಗಿ ಮಾತ್ರ ಅಂಗೈ ಉಜ್ಜಿ ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದಳು.

ಸರದಿ ಬಂತು. ಹುಡುಗಿ ಕೂತು, ಪೀಠದ ಎತ್ತರ ಸರಿ ಮಾಡಿಕೊಂಡು, ಮಡಿಲಲ್ಲಿ ಕೈ ಒರೆಸಿಕೊಂಡು ಶುರು ಮಾಡಿದಳು. ಹೋದ ವರ್ಷದ್ದೇ ಆರಂಭ. ಗಂಟಕ್ಕನಿಗೆ ಗುರುತು ಸಿಕ್ಕಿತು. ಒಂದು ವರ್ಷ ಅದನ್ನೇ ಮೆಲುಕು ಹಾಕಿದ್ದಳಲ್ಲ. ಮೇಷ್ಟ್ರು ಜೇಬಿನಿಂದ ಪೆನ್ನು ತೆಗೆದರು. ನಿಲ್ಲಿಸಿದರು. ಹೋದ ಸಲ ಗಂಟೆ ಬಿದ್ದ ಜಾಗ ಹತ್ತಿರ ಬಂತು. ಪೆನ್ನು ಮಲಗಿತು.

ಗಂಟಕ್ಕ ಗಂಟೆಯ ಹಿಡಿಯ ಮೇಲೆ ಕೈ ಇಟ್ಟಳು. ಎತ್ತಲಿಲ್ಲ.

ಅದೇನು ಧೈರ್ಯವೆಂದು ಮಾಡಿದ್ದಲ್ಲ. ಎದುರು ನಿಲ್ಲಬೇಕು, ಪಾಠ ಕಲಿಸಬೇಕು ಎಂಬುದೆಲ್ಲ ಅವಳ ತಲೆಯಲ್ಲಿ ಸುಳಿಯಲೂ ಇಲ್ಲ. ಇನ್ನೊಂದು ಚೂರು ಕೇಳೋಣ, ಆ ಭಾಗ ಬರಲಿ, ಬಂದ ತಕ್ಷಣ ಹೊಡೆದುಬಿಡುತ್ತೇನೆ, ಇಷ್ಟೇ. ಹಸಿದ ಮಗುವಿಗೆ ಇನ್ನೊಂದು ತುತ್ತು ಎನ್ನುವ ಹಾಗೆ.

ಮೇಷ್ಟ್ರು ತಲೆ ತಿರುಗಿಸಿದರು. ಇವಳು ನೋಡಲಿಲ್ಲ. ಮೇಷ್ಟ್ರು ಪೆನ್ನನ್ನು ಮತ್ತೆ ನಿಲ್ಲಿಸಿ ಮತ್ತೆ ಮಲಗಿಸಿದರು. ಆಮೇಲೆ ಕಣ್ಣು ಬಿಟ್ಟರು, ಹುಬ್ಬು ಹಾರಿಸಿದರು, ತುಟಿಯಲ್ಲೇ ಏನೋ ಅಂದರು. ಬಾಯಿ ಬಿಟ್ಟು ಕೂಗುವ ಹಾಗಿಲ್ಲ; ಗಂಟೆ ಬಿಟ್ಟು ಬೇರೆ ಸದ್ದಿಲ್ಲವೆಂದು ತಾವೇ ಕಟ್ಟಳೆ ಮಾಡಿದ್ದರು. ಎದ್ದು ಬರುವ ಹಾಗಿಲ್ಲ, ಕುರ್ಚಿ ಕಿರುಗುಟ್ಟುತ್ತದೆ. ಪೆನ್ನಿನಿಂದ ಮೇಜು ಕುಟ್ಟುವ ಹಾಗಿಲ್ಲ; ಅದಕ್ಕಿಂತ ಕಡಿಮೆ ಸದ್ದಿಗೆ ಜನರನ್ನು ಹೊರಗೆ ಹಾಕಿದ್ದರು. ತಾವು ಒಡ್ಡಿದ ಬಲೆಯಲ್ಲಿ ತಾವೇ ಕೂತು, ಕಿವಿಯವರೆಗೆ ಕೆಂಪಾಗಿ, ಕೇಳಬೇಕಾಯಿತು.

ಹುಡುಗಿ ನುಡಿಸುತ್ತಲೇ ಇದ್ದಳು. ಗಂಟೆ ಬೀಳುವ ಜಾಗ ದಾಟಿತೆಂದು ಅವಳಿಗೂ ಗೊತ್ತಾಗಿರಬೇಕು, ಹೆಗಲು ಸ್ವಲ್ಪ ಇಳಿಯಿತು. ಆಮೇಲೆ ಎಡಗೈ ಕೆಳಗೆ ಎಲ್ಲೋ ಆಳದಲ್ಲಿ ಒಂದೇ ಸಮ ನಡೆಯತೊಡಗಿತು; ಬಲಗೈ ಅದರ ಮೇಲೆ ಅವಸರವಿಲ್ಲದೆ ಒಂದು ಮಾತು ಹೇಳಿ, ನಿಂತು, ಇನ್ನೊಂದು ಹೇಳಿತು. ಇದೇ ಇರಬೇಕು ಎಂದುಕೊಂಡಳು ಗಂಟಕ್ಕ. ಇದಾದ ಮೇಲೆ ಬಂದದ್ದೂ ಚೆನ್ನಾಗಿತ್ತು. ಹಾಗಾದರೆ ಇದಾ? ಅದರ ಮುಂದಿನದು ಇನ್ನೂ ಚೆನ್ನಾಗಿತ್ತು. ಯಾವುದೆಂದು ಗೊತ್ತಾಗದೆ, ಯಾವುದಕ್ಕೂ ಗಂಟೆ ಹೊಡೆಯಲು ಮನಸ್ಸು ಬರದೆ ಅವಳು ಕೂತೇ ಇದ್ದಳು. ಹುಡುಗಿ ಒಂದೆರಡು ಕಡೆ ತಪ್ಪಿದಳು, ತಪ್ಪಿದ್ದು ಇವಳಿಗೂ ತಿಳಿಯಿತು. ಕೊನೆಯ ಸ್ವರ ಮುಗಿದು ಹುಡುಗಿ ತಾನಾಗಿಯೇ ಕೈ ಎತ್ತಿದಳು. ಟೀಚರಮ್ಮನ ಶಿಷ್ಯರಲ್ಲಿ ಹಾಗೆ ತಾನಾಗಿಯೇ ಕೈ ಎತ್ತಿದವಳು ಅವಳೇ ಮೊದಲು.

ಆಮೇಲೆ ಗಂಟಕ್ಕನಿಗೆ ಎಚ್ಚರವಾಯಿತು. ಅಯ್ಯೋ ಶಿವನೇ, ಏನು ಮಾಡಿಬಿಟ್ಟೆ! ಗಂಡನ ಬೆನ್ನುನೋವು, ಮನೆ, ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ ಎಂಬುದೆಲ್ಲ ಒಟ್ಟಿಗೇ ಮುತ್ತಿಕೊಂಡಿತು.

ಬಿಡುವಾದ ಕೂಡಲೇ ಮ್ಯಾನೇಜರ್ ಓಡಿಬಂದ. "ಅಕ್ಕಾ, ನಿನ್ನನ್ನ ಒಳಗೆ ಕರೀತಿದಾರೆ. ಏನಾಗಿತ್ತು ನಿಂಗೆ? ನಿದ್ದೆ ಬಂತು ಅಂದ್ಬಿಡು. ಕಾಲಿಗೆ ಬೀಳು. ನನ್ ಹೆಸರು ಮಾತ್ರ ಎತ್ಬೇಡ."

ತೀರ್ಪುಗಾರರ ಕೋಣೆಯ ಬಾಗಿಲಲ್ಲಿ ಅವಳು ಸೆರಗು ಹಿಂಡುತ್ತಾ ನಿಂತಳು. ಮೇಷ್ಟ್ರು ಕಿಟಕಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದವರು ತಿರುಗಿದರು. "ಏನಮ್ಮಾ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಆ ವರ್ಷ ಮೊದಲ ಸಲ ಹೊರಗಿನಿಂದ ಬಂದಿದ್ದ ತೀರ್ಪುಗಾರ್ತಿ, ಬಾಯಿಗೆ ಬಂದದ್ದನ್ನು ಆಡಿಬಿಡುವ ಹೆಂಗಸು, ಟೀ ಕಪ್ಪು ಕೆಳಗಿಟ್ಟಳು.

"ಸಾರ್, ನಾನೊಂದು ಮಾತು ಹೇಳ್ಬೇಕು. ಬೇಜಾರು ಮಾಡ್ಕೋಬೇಡಿ. ಆ ಟೀಚರ್ ಕಡೆ ಮಕ್ಕಳನ್ನ ನೀವು ಪೂರ್ತಿ ನುಡಿಸೋಕೇ ಬಿಡಲ್ಲ ಅಂತ ಹೊರಗೆ ಎಲ್ಲ ಹೇಳ್ತಾರೆ. ನಾನೂ ನಂಬಿದ್ದೆ. ಇವತ್ತು ಕಣ್ಣಾರೆ ನೋಡಿದೆ. ಕೊನೇ ತನಕ ಬಿಟ್ರಿ. ಊರಿಗೆ ಹೋದ ಮೇಲೆ ಎಲ್ಲರಿಗೂ ಹೇಳ್ತೀನಿ, ಅದು ಸುಳ್ಳು ಅಂತ."

ಆಗ ಮೂಲೆಯಲ್ಲಿದ್ದ ಬೋಳುತಲೆಯ ತೀರ್ಪುಗಾರ, ಹಿಂದೊಮ್ಮೆ ಕೆಮ್ಮಿ ಬೀದಿಗೆ ಹೋಗಿದ್ದ ಅದೇ ಮನುಷ್ಯ, ಕನ್ನಡಕ ಒರೆಸಿಕೊಳ್ಳುತ್ತಾ ಬಾಯಿ ಬಿಟ್ಟ.

"ಹೌದ್ಹೌದು. ನಾನೂ ನೋಡ್ತಾನೇ ಇದ್ದೆ. ಸಾರ್ ಎಷ್ಟು ತಾಳ್ಮೆಯಿಂದ ಕೂತು ಕೇಳಿದ್ರು! ದೊಡ್ಡ ಮನಸ್ಸು ಅಂದ್ರೆ ಅದು." ಕನ್ನಡಕ ಹಾಕಿಕೊಂಡು ಗಂಟಕ್ಕನ ಕಡೆ ನೋಡಿದ. ನಗು ಮೀಸೆಯಲ್ಲೇ ಇತ್ತು.

ಮೇಷ್ಟ್ರ ಸ್ಥಿತಿ ನೋಡಬೇಕಿತ್ತು. ನಾನು ಬಿಟ್ಟಿದ್ದಲ್ಲ, ಈ ಟೀ ತರುವ ಹೆಂಗಸು ನನ್ನ ಮಾತು ಕೇಳಲಿಲ್ಲ ಎನ್ನಬೇಕು. ಅಂದರೆ ಇಷ್ಟು ವರ್ಷ ಎಲ್ಲರೂ ಹೆದರಿದ ಪೆನ್ನು ಒಂದು ಹಿತ್ತಾಳೆ ಗಂಟೆಯ ಮರ್ಜಿಯಲ್ಲಿತ್ತು ಎಂದು ಒಪ್ಪಿಕೊಂಡಂತೆ. ಇಲ್ಲವೇ ಬಾಯಿ ಮುಚ್ಚಿಕೊಂಡು ಹೊಗಳಿಕೆ ಇಸಿದುಕೊಳ್ಳಬೇಕು. ಅವರು ಗಂಟಲು ಸರಿ ಮಾಡಿಕೊಂಡರು.

"ಮಕ್ಕಳು... ನುಡಿಸ್ಲಿ ಅಂತ" ಎಂದರು.

ಎಲ್ಲರ ಕಣ್ಣೂ ಬಾಗಿಲಿಗೆ ಹೋಯಿತು. ಕರೆಸಿದ್ದು ಯಾಕೆ ಎಂದು ಹೇಳಬೇಕಲ್ಲ.

"ಟೀ ಆರಿಹೋಗಿದೆ" ಎಂದರು ಮೇಷ್ಟ್ರು. "ಬೇರೆ ತಗೊಂಡ್ ಬಾ."

"ತಂದೆ ಸಾರ್" ಎಂದವಳೇ ಗಂಟಕ್ಕ ತಟ್ಟೆ ಎತ್ತಿಕೊಂಡು ಹೊರಬಿದ್ದಳು. ಚೆಲ್ಲಿದ ಹೆಸರೇ ಇರದ ಆ ಕೈಯಲ್ಲಿ ಅವತ್ತು ಕಪ್ಪುಗಳು ಹಲ್ಲು ಕಡಿದ ಹಾಗೆ ಕಟಕಟ ಎಂದವು. ಟೀ ಕಾಯಿಸುವ ಕೋಣೆಗೆ ಹೋಗಿ ಬಾಗಿಲು ಹಾಕಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು, ಹರಿಯಲಿ ಬಿಡು ಎಂದುಕೊಂಡಳು.

ಸಂಜೆ ಎಲ್ಲ ಮುಗಿದ ಮೇಲೆ ಮೇಷ್ಟ್ರು ಹಾಲ್‌ನ ಹಿಂದಿನ ಓಣಿಯಂಥ ಹಾದಿಯಲ್ಲಿ ಎದುರಾದರು. ಒಬ್ಬರೇ ಇದ್ದರು. ಅವಳು ಗೋಡೆಗೆ ಸರಿದು ನಿಂತಳು.

"ನಿನ್ನ ಕಣ್ಣು ಮಂಜಾಗಿದೆಯಾ?"

"ಇಲ್ಲ ಸಾರ್. ಕಣ್ಣು ಚೆನ್ನಾಗೇ ಇದೆ."

ಸುಳ್ಳು ಹೇಳಿದ್ದರೆ ಇಬ್ಬರಿಗೂ ಸಲೀಸಾಗುತ್ತಿತ್ತು. ಅವಳಿಗೆ ಹೊಳೆಯಲಿಲ್ಲ. ಬೈಗುಳಕ್ಕೆ ಅವಳು ಸಿದ್ಧಳಾಗಿ ತಲೆ ತಗ್ಗಿಸಿದಳು.

"ಆ ಹುಡುಗಿ ಎಡಗೈ ನೋಡಿದೆಯಾ?" ಎಂದರು ಮೇಷ್ಟ್ರು. "ಆ ಚಲನೆ ಅವಳ ಟೀಚರಿಗೆ ನಾನು ಕಲಿಸಿದ್ದು." ಮಫ್ಲರ್ ಸುತ್ತಿಕೊಂಡು ಹೊರಟುಹೋದರು. ಮಾರನೆಯ ದಿನದಿಂದ ಹೊತ್ತು ಮುಗಿಯುವ ಮೊದಲು ಯಾರಿಗೂ ಗಂಟೆ ಬೀಳಲಿಲ್ಲ. ದೊಡ್ಡ ಮನಸ್ಸಿನವರೆಂಬ ಹೆಸರು ಬಂದುಬಿಟ್ಟಿತ್ತು ನೋಡಿ, ಅದನ್ನು ಕಾಪಾಡಿಕೊಳ್ಳಬೇಕಲ್ಲ.

ಹುಡುಗಿ ಗೆದ್ದಳೇ ಎಂದರೆ, ಇಲ್ಲ. ಎರಡನೆಯ ಸುತ್ತಿಗೆ ಹೋದಳು, ಅಲ್ಲಿ ಅವಳಿಗಿಂತ ಚೆನ್ನಾಗಿ ನುಡಿಸುವವರಿದ್ದರು, ಅಲ್ಲಿಗೆ ನಿಂತಳು. ಕೋಟು ಇಸಿದುಕೊಳ್ಳಲು ಬಂದಾಗ ಬಾಯಲ್ಲಿ ಬನ್ನು ತುಂಬಿಕೊಂಡಿದ್ದಳು. ಗಂಟಕ್ಕ, "ಬೇಜಾರಾಯ್ತೇನಮ್ಮ?" ಎಂದು ಮೆತ್ತಗೆ ಕೇಳಿದರೆ ಬಾಯಿ ತುಂಬಿದ್ದಕ್ಕೆ ತಲೆಯನ್ನಷ್ಟೇ ಅಲ್ಲಾಡಿಸಿದಳು. ಉತ್ತರ ಕೊಟ್ಟವಳು ಟೀಚರಮ್ಮ.

"ಈ ಸಲ ಸರಿಯಾಗಿ ಸೋತಿದಾಳೆ ಅಕ್ಕ. ಎಲ್ಲಿ ಸೋತ್ಲು ಅಂತ ನಮಗೆ ಗೊತ್ತು. ಇನ್ನು ತಿದ್ದಬಹುದು." ಅವಳ ನಗುವಿನಲ್ಲಿ ಈ ಬಾರಿ ಮುಳ್ಳಿರಲಿಲ್ಲ. ಗಂಟೆಯ ವಿಷಯ ಅವಳಿಗೆ ಗೊತ್ತಿತ್ತೋ ಇಲ್ಲವೋ, ಕೇಳಲಿಲ್ಲ. ಇವಳೂ ಹೇಳಲಿಲ್ಲ.

ಸ್ಪರ್ಧೆಯ ದಿನಗಳಲ್ಲಿ ರಾತ್ರಿಯಾಗಿ ಬಂದು ಬಿದ್ದುಕೊಳ್ಳುತ್ತಿದ್ದ ಗಂಟಕ್ಕ ಅವತ್ತು ಬೆಳಕಿರುವಾಗಲೇ ಮನೆ ಸೇರಿದಳು. ಗಂಡ ಬಾಗಿಲಲ್ಲಿ ಒಂದು ಹಳೆಯ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದವನು ಅವಳ ಮುಖ ನೋಡಿ ಕೇಳಿದ.

"ಏನೇ, ಇಷ್ಟು ದಿನ ಸಪ್ಪಗಿದ್ದೆ. ಇವತ್ತೇನು ಮುಖ ಇಷ್ಟಗಲ?"

"ಮೊದಲು ಒಂದ್ ಲೋಟ ನೀರು ಕೊಡ್ರೀ. ಆಮೇಲೆ ಹೇಳ್ತೀನಿ, ದೊಡ್ಡ ಕಥೆ."

ಅವನು ಎಣ್ಣೆಗೈ ಒರೆಸಿಕೊಂಡು ಒಳಗೆ ಹೋಗಿ ನೀರು ತಂದ. ಅಷ್ಟರಲ್ಲಿ ಅವಳು ಚಪ್ಪಲಿಯನ್ನೂ ಬಿಚ್ಚದೆ, ಕಾಲು ಚಾಚಿ, ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದಳು. ಅವನು ಲೋಟ ಕೆಳಗಿಟ್ಟು, ಅವಳ ಚಪ್ಪಲಿ ಬಿಚ್ಚಿ, ಪಕ್ಕದಲ್ಲೇ ಕೂತು ತಾನೇ ಆ ನೀರು ಕುಡಿದ.